ಇಆರ್‌ಸಿಪಿ ಆದ ಮೇಲೆ ಪ್ಯಾಂಕ್ರಿಯಾಸ್ ಊದುತ್ತದಂತೆ, ಯಾರಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಒಂದು ಎಂಡೋಸ್ಕೋಪಿ ವಿಭಾಗದಲ್ಲಿ ನಾನು ಸ್ಟಾಫ್ ನರ್ಸ್. ಇಆರ್‌ಸಿಪಿಗೆ, ಅಂದರೆ ಬಾಯಿಯಿಂದ ಕೊಳವೆ ಇಳಿಸಿ ಪಿತ್ತನಾಳಕ್ಕೆ ಮಾಡುವ ಚಿಕಿತ್ಸೆಗೆ, ಬಂದವರಿಗೆ ಡಾಕ್ಟರು ಎಲ್ಲ ವಿವರಿಸಿ ಹೋಗುತ್ತಾರೆ. ಅವರು ಹೋದ ಮೇಲೆ ಉಳಿದ ಅನುಮಾನಗಳು ನನ್ನ ಹತ್ತಿರ ಬರುತ್ತವೆ. ಒಪ್ಪಿಗೆ ಪತ್ರದಲ್ಲಿ "ಪ್ಯಾಂಕ್ರಿಯಾಟೈಟಿಸ್ ಆಗುವ ಸಾಧ್ಯತೆ" ಅಂತ ಒಂದು ಸಾಲಿದೆ, ಅಂದರೆ ಪ್ಯಾಂಕ್ರಿಯಾಸ್ ಗ್ರಂಥಿ ಊದಬಹುದು ಅಂತ. ಪೆನ್ನು ಅಲ್ಲಿಗೇ ನಿಲ್ಲುತ್ತದೆ. "ಸಿಸ್ಟರ್, ಇದ್ ಏನ್ರಿ? ನಮಗ ಆಗ್ತದೇನ್ರಿ?" ಸೇಡಂ, ಆಳಂದ, ಸುರಪುರ, ಹುಮನಾಬಾದ್, ಎಲ್ಲಿಂದ ಬಂದವರೂ ಕೇಳುವುದು ಹೆಚ್ಚುಕಡಿಮೆ ಇದನ್ನೇ. ನಾನು ಕೊಡುವ ಉತ್ತರಗಳು ಇಲ್ಲಿವೆ. ನಿಮ್ಮ ಫೈಲು ನೋಡಿದ ಡಾಕ್ಟರು ಬೇರೆ ಹೇಳಿದರೆ ಅವರ ಮಾತೇ ಸರಿ.

ಇಆರ್‌ಸಿಪಿ ಅಂದರೆ ಆಪರೇಷನ್ನಾ?

ಹೊಟ್ಟೆ ಕೊಯ್ಯುವುದಿಲ್ಲ. ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸುತ್ತಾರೆ. ಅದು ಜಠರ ದಾಟಿ, ಸಣ್ಣ ಕರುಳಿನ ಶುರುವಿನಲ್ಲಿ ಪಿತ್ತನಾಳ ಬಂದು ತೆರೆಯುವ ಜಾಗಕ್ಕೆ ಹೋಗುತ್ತದೆ. ಅಲ್ಲಿಂದ ತೆಳು ತಂತಿ ಒಳಗೆ ಬಿಟ್ಟು, ಎಕ್ಸ್‌ರೇಯಲ್ಲಿ ನೋಡುತ್ತಾ ಹರಳು ತೆಗೆಯುತ್ತಾರೆ, ಇಲ್ಲವೇ ಸ್ಟೆಂಟ್, ಅಂದರೆ ನಾಳ ತೆರೆದಿಡುವ ಸಣ್ಣ ಕೊಳವೆ, ಹಾಕುತ್ತಾರೆ. 1968ರಲ್ಲಿ ಶುರುವಾದಾಗ ಇದು ಎಕ್ಸ್‌ರೇಯಲ್ಲಿ ಕಾಣುವ ಡೈ ಬಿಟ್ಟು ಚಿತ್ರ ತೆಗೆಯುವ ಪರೀಕ್ಷೆ ಮಾತ್ರ ಆಗಿತ್ತು. 1974ರಲ್ಲಿ ಜಪಾನ್ ಮತ್ತು ಜರ್ಮನಿಯ ವೈದ್ಯರು ನಾಳದ ಬಾಯಿಯನ್ನು ಒಳಗಿಂದಲೇ ಸ್ವಲ್ಪ ಕೊಯ್ದು ಹರಳು ತೆಗೆದು ತೋರಿಸಿದರು. ಆಮೇಲೆ ಇದು ಚಿಕಿತ್ಸೆಯಾಯಿತು.

ಇನ್ನೊಂದು ಮಾತು. ಇದರಿಂದ ಹೋಗುವುದು ಪಿತ್ತನಾಳದ ಹರಳು. ಪಿತ್ತಕೋಶದ ಚೀಲದೊಳಗಿನ ಹರಳು ಅಲ್ಲೇ ಇರುತ್ತದೆ. ಅದಕ್ಕೆ ಬೇರೆ ಆಪರೇಷನ್ ಬೇಕಾಗುತ್ತದೆ.

ಕೆಲಸ ಪಿತ್ತನಾಳದ್ದು, ಊದುವುದು ಪ್ಯಾಂಕ್ರಿಯಾಸಾ? ಅದ್ಯಾಕೆ?

ಎರಡಕ್ಕೂ ಬಾಗಿಲು ಒಂದೇ, ಅದಕ್ಕೆ.

ನಮ್ಮ ಮಾನಿಟರ್‌ನಲ್ಲಿ ಆ ಬಾಗಿಲು ಕರುಳಿನ ಗೋಡೆಯ ಮೇಲೆ ಎದ್ದ ಒಂದು ಸಣ್ಣ ಕೆಂಪು ಗುಬುಟಿನ ಹಾಗೆ ಕಾಣುತ್ತದೆ. ಅದರ ತುದಿಯಲ್ಲಿ ಒಂದು ತೂತು. ತಂತಿ ಒಳಗೆ ಹೋದ ಮೇಲೆ ದಾರಿ ಎರಡು. ಗಡಿಯಾರದ ಲೆಕ್ಕದಲ್ಲಿ ಹೇಳಿದರೆ ಹನ್ನೊಂದು ಗಂಟೆಯ ದಿಕ್ಕಿಗೆ ಮೇಲೆ ತಿರುಗುವುದು ಪಿತ್ತನಾಳ. ಹೆಚ್ಚುಕಡಿಮೆ ನೇರಕ್ಕೆ ಹೋಗುವುದು ಪ್ಯಾಂಕ್ರಿಯಾಸಿನ ನಾಳ. ತಂತಿಗೆ ನೇರ ದಾರಿಯೇ ಸಲೀಸು. ಡಾಕ್ಟರು ಎಷ್ಟೇ ನುರಿತವರಾದರೂ ಅದು ಒಮ್ಮೊಮ್ಮೆ ಅತ್ತ ಜಾರುತ್ತದೆ.

ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿ, ಅನ್ನ ಅರಗಿಸುವ ರಸ ಮಾಡುತ್ತದೆ. ತಂತಿ ತಾಗಿ ನಾಳದ ಬಾಯಿ ಊದಿಕೊಂಡರೆ, ಅಥವಾ ಡೈ ಒತ್ತಡದಿಂದ ಒಳಗೆ ನುಗ್ಗಿದರೆ, ರಸ ಹೊರಗೆ ಬರಲಾಗದೆ ಅಲ್ಲೇ ಕಟ್ಟಿಕೊಳ್ಳುತ್ತದೆ. ಕರುಳಿಗೆ ಬಂದು ಕೆಲಸ ಶುರು ಮಾಡಬೇಕಾದ ರಸ ಗ್ರಂಥಿಯೊಳಗೇ ಶುರು ಮಾಡಿ, ಅದನ್ನೇ ಅರಗಿಸತೊಡಗುತ್ತದೆ. ಆ ಉರಿಯೂತವೇ ಪ್ಯಾಂಕ್ರಿಯಾಟೈಟಿಸ್.

ನೂರಕ್ಕೆ ಎಷ್ಟು ಜನಕ್ಕೆ?

ಒಟ್ಟಾರೆ 3ರಿಂದ 10 ಜನಕ್ಕೆ. ಅಪಾಯ ಜಾಸ್ತಿ ಇರುವವರನ್ನೇ ಬೇರೆ ತೆಗೆದು ಎಣಿಸಿದರೆ ಸುಮಾರು 15. ಬಂದವರಲ್ಲಿ ಹೆಚ್ಚಿನವರದು ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಜೀವಕ್ಕೆ ಅಪಾಯ ಆಗುವುದು ಇಆರ್‌ಸಿಪಿ ಮಾಡಿಸಿಕೊಂಡವರಲ್ಲಿ ಶೇ 1ಕ್ಕಿಂತ ಕಡಿಮೆ.

ಆದರೆ "ನೂರಕ್ಕೆ ಎಷ್ಟು" ಎಂಬ ಸರಾಸರಿಯಿಂದ ನಿಮಗೆ ಅಷ್ಟೇನೂ ಉಪಯೋಗವಿಲ್ಲ. ಮುಂದಿನ ಪ್ರಶ್ನೆ ನೋಡಿ.

ನಮ್ಮ ಅಪ್ಪನಿಗೆ ಎಪ್ಪತ್ತು ದಾಟಿದೆ, ಕಾಮಣಿ ಏರಿದೆ. ಅವರಿಗೇ ಜಾಸ್ತಿ ಅಪಾಯ ಅಲ್ವಾ?

ಈ ಒಂದು ಅಪಾಯದ ಮಟ್ಟಿಗೆ ಅಲ್ಲ. ಇದನ್ನು ನಂಬಿಸುವುದೇ ನನಗೆ ಕಷ್ಟದ ಕೆಲಸ.

ಅಕ್ಕಪಕ್ಕದ ಎರಡು ಬೆಡ್ ಊಹಿಸಿಕೊಳ್ಳಿ. ಒಂದರಲ್ಲಿ ನಿಮ್ಮ ಅಪ್ಪ. ಕಣ್ಣು ಅರಿಶಿನ, ರಕ್ತದಲ್ಲಿ ಕಾಮಣಿಯ ಅಳತೆಯಾದ ಬಿಲಿರುಬಿನ್ 12, ಪಿತ್ತನಾಳ ಹಿಗ್ಗಿ 14 ಮಿಲಿಮೀಟರ್ ಆಗಿದೆ, ಸ್ಕ್ಯಾನ್‌ನಲ್ಲಿ ಹರಳು ಎದ್ದು ಕಾಣುತ್ತಿದೆ. ಇನ್ನೊಂದರಲ್ಲಿ ಮೂವತ್ತೆರಡು ವರ್ಷದ ಹೆಣ್ಣುಮಗಳು. ಕಾಮಣಿ ಇಲ್ಲ, ಬಿಲಿರುಬಿನ್ 0.8, ನಾಳ 5 ಮಿಲಿಮೀಟರ್, ಹರಳು ಸರಿಯಾಗಿ ಕಂಡಿಲ್ಲ. ಮೇಲಿಂದ ಮೇಲೆ ಹೊಟ್ಟೆನೋವು ಬರುತ್ತದೆ ಅಂತ ಬಂದಿದ್ದಾಳೆ. ನೋಡಿದವರೆಲ್ಲ ಅಪ್ಪನಿಗಾಗಿ ಮರುಗುತ್ತಾರೆ. ಪ್ಯಾಂಕ್ರಿಯಾಟೈಟಿಸ್ ಲೆಕ್ಕದಲ್ಲಿ ನಾವು ಕಣ್ಣಿಡುವುದು ಆ ಹುಡುಗಿಯ ಮೇಲೆ.

ಹಿಗ್ಗಿದ ನಾಳಕ್ಕೆ ತಂತಿ ಹೊಗಿಸುವುದು ಸುಲಭ, ಸಣ್ಣ ನಾಳಕ್ಕೆ ಕಷ್ಟ. ವಯಸ್ಸಾದಂತೆ ಪ್ಯಾಂಕ್ರಿಯಾಸಿನ ರಸದ ಜೋರೂ ಇಳಿಯುತ್ತದೆ. ಹರೆಯದವರ ಗ್ರಂಥಿಗೆ ಕಸುವು ಜಾಸ್ತಿ, ಪೆಟ್ಟಾದರೆ ಕೆರಳುವುದೂ ಜಾಸ್ತಿ. ಹೆಂಗಸರಿಗೆ ಗಂಡಸರಿಗಿಂತ ಅಪಾಯ ಹೆಚ್ಚು ಎಂದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಮೊದಲು ಪ್ಯಾಂಕ್ರಿಯಾಟೈಟಿಸ್ ಆಗಿದ್ದವರಿಗೆ, ಅದರಲ್ಲೂ ಹಿಂದಿನ ಇಆರ್‌ಸಿಪಿಯಿಂದಲೇ ಆಗಿದ್ದವರಿಗೆ ಇನ್ನೂ ಹೆಚ್ಚು. ಹರಳಿಲ್ಲದಿದ್ದರೂ ನಾಳದ ಬಾಯಿಯ ಸ್ನಾಯು ಬಿಗಿದುಕೊಂಡು ನೋವು ಬರುತ್ತಿದೆ ಎಂಬ ಅನುಮಾನ ಇದ್ದರೆ, ಎಲ್ಲಕ್ಕಿಂತ ಎಚ್ಚರ ಅಲ್ಲಿ ಬೇಕು.

ಇವು ಒಂದರ ಮೇಲೊಂದು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. 2001ರಲ್ಲಿ ಬಂದ ಅಮೆರಿಕದ ಒಂದು ದೊಡ್ಡ ಅಧ್ಯಯನದ ಲೆಕ್ಕ ನೋಡಿ. ಬಿಲಿರುಬಿನ್ ಸರಿಯಿರುವ ಹೆಂಗಸಿಗೆ ಅಪಾಯ ಸುಮಾರು ಶೇ 5. ತಂತಿ ಹೋಗಲು ಕಷ್ಟವಾದರೆ ಅದು 16. ಜೊತೆಗೆ ಆ ಸ್ನಾಯುವಿನ ಅನುಮಾನವೂ ಇದ್ದು ಹರಳೂ ಸಿಗದಿದ್ದರೆ 42. ಅಂದರೆ ಈ ಚಿಕಿತ್ಸೆಯ ಜರೂರು ಯಾರಿಗೆ ಕಡಿಮೆಯೋ ಅವರಿಗೇ ಇದರ ಪೆಟ್ಟು ಜಾಸ್ತಿ.

ಹಾಗಂತ ಅಪ್ಪನಿಗೆ ಚಿಂತೆಯೇ ಇಲ್ಲ ಅಂತಲ್ಲ. ಸೋಂಕು, ರಕ್ತಸ್ರಾವ, ಹೃದಯ, ಉಸಿರಾಟ ಇವುಗಳ ಲೆಕ್ಕ ಬೇರೆಯೇ ಇದೆ.

ಸೆರೆ ಕುಡಿದು ಕುಡಿದು ಪ್ಯಾಂಕ್ರಿಯಾಸ್ ಮೊದಲೇ ಹಾಳಾಗಿದೆ. ಅವರ ಗತಿ?

ವಿಚಿತ್ರ ಅನಿಸಬಹುದು. ಹಳೇ ಕಾಯಿಲೆಯಿಂದ ಗ್ರಂಥಿ ಒಣಗಿ ಗಟ್ಟಿಯಾಗಿದ್ದರೆ ಇಆರ್‌ಸಿಪಿಯಿಂದ ಊತ ಬರುವುದು ಕಡಿಮೆ. ಉರಿಯಲು ಅಲ್ಲಿ ಹೆಚ್ಚು ಉಳಿದಿರುವುದಿಲ್ಲ. ಇದನ್ನು ಕೇಳಿ ಒಬ್ಬ ಯಜಮಾನರು ಹೆಂಡತಿಯ ಕಡೆ ತಿರುಗಿ ಮೀಸೆ ತಿರುವಿದರು. ಕುಡಿತಕ್ಕೆ ಸರ್ಟಿಫಿಕೇಟ್ ಅಲ್ಲ ಇದು.

ಅಪಾಯ ಎಷ್ಟು ಅಂತ ಮೊದಲೇ ಪಕ್ಕಾ ಹೇಳಬಹುದಾ?

ಅರ್ಧ ಮಾತ್ರ. ಉಳಿದರ್ಧ ಒಳಗೆ ಹೋದ ಮೇಲೆಯೇ ಗೊತ್ತಾಗುವುದು.

ಡಾಕ್ಟರ ಕೊಳವೆ ಆ ಗುಬುಟಿನ ಎದುರು ನಿಂತ ಕೂಡಲೇ ನಾನು ಗೋಡೆ ಗಡಿಯಾರ ನೋಡುತ್ತೇನೆ. ಯುರೋಪಿನ ಎಂಡೋಸ್ಕೋಪಿ ವೈದ್ಯರ ಸಂಘ ಒಂದು ಅಳತೆ ಕೊಟ್ಟಿದೆ, ನಾವು ಅದನ್ನು ಐದು-ಐದು-ಒಂದು ಅನ್ನುತ್ತೇವೆ. ನಾಳದ ಬಾಯಿಗೆ ಐದಕ್ಕಿಂತ ಹೆಚ್ಚು ಸಲ ತಾಗಿದರೆ, ಐದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ, ಅಥವಾ ಬೇಡವೆಂದರೂ ಪ್ಯಾಂಕ್ರಿಯಾಸ್ ನಾಳಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದರೆ, ಅದು ಕಷ್ಟದ ಕೇಸು. ಮೂರರಲ್ಲಿ ಒಂದು ದಾಟಿದರೂ ಸಾಕು. "ಸರ್, ಐದು ನಿಮಿಷ ಆಯ್ತು" ಅಂತ ನಾನು ಹೇಳುವುದು ಅವಸರ ಮಾಡಿಸಲಿಕ್ಕಲ್ಲ. ಇನ್ನು ದಾರಿ ಬದಲಿಸುವ ಹೊತ್ತಾಯಿತು ಅಂತ ನೆನಪಿಸಲಿಕ್ಕೆ.

ಪ್ಯಾಂಕ್ರಿಯಾಸ್ ನಾಳಕ್ಕೆ ಡೈ ಹೋದರೆ, ದಾರಿ ಸಿಗದೆ ಮೊದಲೇ ಸೂಜಿಯಂಥ ಚಾಕುವಿನಿಂದ ಬಾಯಿ ಕೊಯ್ಯಬೇಕಾದರೆ, ಬಾಯಿ ಕೊಯ್ಯದೆ ಬಲೂನಿನಿಂದ ಹಿಗ್ಗಿಸಿದರೆ ಅಪಾಯ ಏರುತ್ತದೆ. ಹಾಗಾಗಿ ಬೆಳಿಗ್ಗೆ "ಕಡಿಮೆ ರಿಸ್ಕ್" ಎಂದು ಬರೆದ ಕೇಸು ಮಧ್ಯಾಹ್ನ "ಜಾಸ್ತಿ ರಿಸ್ಕ್" ಆಗಿ ಹೊರಬರುವುದುಂಟು. ಮುಗಿದ ಮೇಲೆ "ತಂತಿ ಸಲೀಸಾಗಿ ಹೋಯಿತಾ?" ಅಂತ ಡಾಕ್ಟರನ್ನು ಕೇಳಿ. ಸಣ್ಣ ಪ್ರಶ್ನೆ. ಆ ರಾತ್ರಿ ಎಲ್ಲಿ ಕಳೆಯಬೇಕು ಎನ್ನುವುದು ಅದರ ಉತ್ತರದ ಮೇಲೆ ನಿಂತಿದೆ.

ವಿವರ ತುಂಬಿದರೆ ಕಂಪ್ಯೂಟರೇ ಲೆಕ್ಕ ಹಾಕಿ ಹೇಳುತ್ತದಂತೆ?

ಇಂಥ ಅಂಕಪಟ್ಟಿಗಳು ಬಹಳ ಬಂದಿವೆ. ವಯಸ್ಸು, ಹೆಣ್ಣೋ ಗಂಡೋ, ಬಿಲಿರುಬಿನ್, ನಾಳದ ಅಗಲ, ತಂತಿ ಹೋದ ರೀತಿ, ಒಂದೊಂದಕ್ಕೂ ಇಷ್ಟು ಅಂಕ. ಈಚೆಗೆ ಸಾವಿರಾರು ಹಳೇ ರೋಗಿಗಳ ದಾಖಲೆ ತಿನ್ನಿಸಿ ಕಂಪ್ಯೂಟರಿಗೇ ಕಲಿಸುವುದೂ ನಡೆದಿದೆ. ಒಳ್ಳೆಯದೇ. ಆದರೆ ಅದರ ಜಾಹೀರಾತು ಓದುವಾಗ ಸ್ವಲ್ಪ ಹುಷಾರಾಗಿರಿ.

ನೂರು ಜನರಲ್ಲಿ ಆರು ಮಂದಿಗೆ ಬರುತ್ತದೆ ಅಂದುಕೊಳ್ಳಿ. ಏನೂ ನೋಡದೆ, ಸುಮ್ನೆ ಎಲ್ಲರಿಗೂ "ಬರಲ್ಲ ಹೋಗ್ರಿ" ಅಂತ ಹೇಳುವ ಸೋಮಾರಿ ಯಂತ್ರವೂ ನೂರಕ್ಕೆ 94 ಸಲ ಸರಿಯಾಗಿರುತ್ತದೆ! ಬೇಕಾಗಿದ್ದ ಆರೂ ಮಂದಿಯನ್ನು ಅದು ಬಿಟ್ಟಿರುತ್ತದೆ, ಅಷ್ಟೇ. ಅದಕ್ಕೇ ಇದನ್ನು ಬಲ್ಲವರು ಬೇರೆ ತೂಕ ಇಡುತ್ತಾರೆ. ಊತ ಬಂದ ಒಬ್ಬರು, ಬರದ ಒಬ್ಬರು, ಇಬ್ಬರ ವಿವರ ಕೊಟ್ಟರೆ ಬಂದವರಿಗೆ ಯಂತ್ರ ಹೆಚ್ಚು ಅಂಕ ಕೊಟ್ಟಿದೆಯಾ ಅಂತ ನೋಡುತ್ತಾರೆ. ನಾಣ್ಯ ಚಿಮ್ಮಿದರೆ 0.5. ಎಲ್ಲ ಸಲವೂ ಸರಿಯಾದರೆ 1. ಇಂಥ ಹಲವು ಪಟ್ಟಿಗಳು 0.7ರ ಆಸುಪಾಸಿನಲ್ಲಿವೆ, ಅಂದರೆ ಹತ್ತು ಜೋಡಿಯಲ್ಲಿ ಏಳರಲ್ಲಿ ಸರಿ. ನಾಣ್ಯಕ್ಕಿಂತ ಮೇಲು, ಕಣಿ ಹೇಳುವಷ್ಟಲ್ಲ.

ಇನ್ನೊಂದು ತೊಡಕಿದೆ. ಪಟ್ಟಿ ಎಲ್ಲಿ, ಯಾವಾಗ ಮಾಡಿದ್ದು? ಮುಂಜಾಗ್ರತೆಯ ಔಷಧಿ ಯಾರಿಗೂ ಕೊಡದ ಕಾಲದ ದಾಖಲೆಯಿಂದ ಮಾಡಿದ ಲೆಕ್ಕ, ಎಲ್ಲರಿಗೂ ಔಷಧಿ ಕೊಡುವ ಇವತ್ತಿನ ರೂಮಿನಲ್ಲಿ ಅಪಾಯವನ್ನು ಹೆಚ್ಚಿಸಿಯೇ ಹೇಳುತ್ತದೆ. ಜಿಲ್ಲೆಗೆಲ್ಲ ಮಳೆ ಅಂತ ಹೇಳಿದ ದಿನ ನಮ್ಮ ತೊಗರಿ ಹೊಲಕ್ಕೆ ಹನಿ ಬೀಳುವುದಿಲ್ಲವಲ್ಲ, ಹಾಗೆ. "ಶೇ 10 ಅಪಾಯ" ಎಂದು ಹೇಳಿಸಿಕೊಂಡ ನೂರು ಜನರಲ್ಲಿ ನಿಜವಾಗಿ ಹತ್ತರ ಸುತ್ತಮುತ್ತ ಬಂತಾ ಅಂತ ತಮ್ಮಲ್ಲೇ ಎಣಿಸಿ ನೋಡಿದ ಆಸ್ಪತ್ರೆಗೆ ಮಾತ್ರ ಆ ಲೆಕ್ಕ ನೆಚ್ಚುವಂಥದ್ದು.

ನನ್ನ ಅಭಿಪ್ರಾಯ ಕೇಳಿದರೆ, ಅಂಕ ಬೇಕಾಗಿರುವುದು ಭವಿಷ್ಯ ಹೇಳಲಿಕ್ಕಲ್ಲ. ಯಾರಿಗೆ ಸ್ಟೆಂಟ್ ಇಡಬೇಕು, ಯಾರನ್ನು ರಾತ್ರಿ ಇಲ್ಲೇ ಉಳಿಸಿಕೊಳ್ಳಬೇಕು ಅಂತ ತೀರ್ಮಾನಿಸಲಿಕ್ಕೆ.

ತಡೆಯಲು ಏನು ಮಾಡುತ್ತೀರಿ?

ಮೊದಲನೆಯದು, ಬೇಡದ ಇಆರ್‌ಸಿಪಿ ಮಾಡದಿರುವುದು. ಬರೀ ನೋಡಲಿಕ್ಕಾದರೆ ಎಂಆರ್‌ಐ ಯಂತ್ರದಲ್ಲಿ ಮಾಡುವ ಎಂಆರ್‌ಸಿಪಿ ಸ್ಕ್ಯಾನ್ ಇದೆ, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಇದೆ. ಅವುಗಳಿಂದ ಈ ಊತದ ಭಯ ಇಲ್ಲ. "ಸ್ಕ್ಯಾನಿಗೆ ಮತ್ತ ರೊಕ್ಕ ಯಾಕ್ರಿ, ಸೀದಾ ಕೊಳವಿ ಹಾಕಿಬಿಡ್ರಿ" ಅನ್ನುವವರಿದ್ದಾರೆ. ಹಾಗನ್ನಬೇಡಿ. ಮೇಲೆ ಹೇಳಿದ ಹುಡುಗಿಗೆ ಆ ಸ್ಕ್ಯಾನೇ ದೊಡ್ಡ ಔಷಧಿ.

ಎರಡನೆಯದು, ಗುದದ್ವಾರದಲ್ಲಿ ಇಡುವ ಗುಳಿಗೆ. ಡೈಕ್ಲೋಫೆನಾಕ್ ಅಥವಾ ಇಂಡೊಮೆಥಾಸಿನ್, 100 ಮಿಲಿಗ್ರಾಂ, ಸಾಮಾನ್ಯವಾಗಿ ಕೊಳವೆ ಇಳಿಸುವ ಸ್ವಲ್ಪ ಮುಂಚೆ. 2012ರಲ್ಲಿ ಅಮೆರಿಕದಲ್ಲಿ ಹೆಚ್ಚು ಅಪಾಯದ 602 ಜನರ ಮೇಲೆ ಪರೀಕ್ಷೆ ಮಾಡಿದಾಗ ಔಷಧಿಯಿಲ್ಲದ ಸುಳ್ಳು ಗುಳಿಗೆ ಪಡೆದವರಲ್ಲಿ ಶೇ 16.9, ಇಂಡೊಮೆಥಾಸಿನ್ ಪಡೆದವರಲ್ಲಿ ಶೇ 9.2 ಜನಕ್ಕೆ ಊತ ಬಂತು. ಇಷ್ಟು ಅಗ್ಗದ ವಸ್ತುವಿಗೆ ಇದು ದೊಡ್ಡ ಗೆಲುವು. ನಮ್ಮ ಬಿಸಿಲಿಗೆ ಇದರದೇ ಒಂದು ತಾಪತ್ರಯ ಇದೆ. ಮೇ ತಿಂಗಳಲ್ಲಿ ಫ್ರಿಜ್‌ನಿಂದ ತೆಗೆದು ಟ್ರೇ ಮೇಲಿಟ್ಟು ಫೋನ್ ಎತ್ತಿದರೆ, ವಾಪಸ್ ಬರುವಷ್ಟರಲ್ಲಿ ಮೇಣದ ಹಾಗೆ ಮೆತ್ತಗಾಗಿರುತ್ತದೆ.

ಮೂರನೆಯದು, ಪ್ಯಾಂಕ್ರಿಯಾಸ್ ನಾಳದಲ್ಲಿ ಇಡುವ ಕಡ್ಡಿಯಷ್ಟು ತೆಳು ಪ್ಲಾಸ್ಟಿಕ್ ಸ್ಟೆಂಟ್. ಬಾಯಿ ಊದಿದರೂ ರಸ ಹರಿದು ಬರಲಿ ಅಂತ. ಗುಳಿಗೆ ಕೊಟ್ಟ ಮೇಲೂ ಇದು ಬೇಕಾ ಎಂಬ ಚರ್ಚೆ ಇತ್ತು. 2024ರಲ್ಲಿ ಹೆಚ್ಚು ಅಪಾಯದ 1950 ಜನರ ಪರೀಕ್ಷೆಯ ಫಲ ಬಂತು. ಬರೀ ಗುಳಿಗೆಗೆ ಶೇ 14.9, ಗುಳಿಗೆ ಮತ್ತು ಸ್ಟೆಂಟ್ ಎರಡಕ್ಕೂ ಶೇ 11.3. ಹೆಚ್ಚು ಅಪಾಯದವರಿಗೆ ಸ್ಟೆಂಟ್ ಬೇಕು ಅಂತಾಯಿತು.

ಸಲೈನ್ ವಿಷಯ. ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನ್ ಧಾರಾಳವಾಗಿ ಕೊಡುವುದರಿಂದ ಉಪಯೋಗ ಇದೆ. ಗುಳಿಗೆ ಕೊಡಲಾಗದವರಿಗೆ ಇದು ಮುಖ್ಯ ಆಸರೆ. ಗುಳಿಗೆ ಕೊಟ್ಟವರಿಗೆ ಅದರ ಮೇಲೆ ಇದರಿಂದ ಹೆಚ್ಚಿನ ಲಾಭ 2021ರ ಒಂದು ಡಚ್ ಪರೀಕ್ಷೆಯಲ್ಲಿ ಕಾಣಲಿಲ್ಲ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ನೀರೇ ಭಾರವಾಗುತ್ತದೆ. "ಇನ್ನೊಂದು ಬಾಟ್ಲಿ ಹಾಕ್ರಿ" ಅಂತ ಒತ್ತಾಯ ಮಾಡಬೇಡಿ.

ಆ ಗುಳಿಗೆ ನುಂಗಿದರೆ ಆಗಲ್ವಾ? ನಾಚಿಕೆ ಆಗುತ್ತದೆ.

ಬಾಯಿಂದ ಕೊಟ್ಟು ನೋಡಿದ್ದಾರೆ, ಆ ಲಾಭ ಸಿಗಲಿಲ್ಲ. ಪರದೆ ಎಳೆಯುತ್ತೇವೆ, ಹೆಂಗಸರಿಗೆ ನಾವು ಸಿಸ್ಟರ್‌ಗಳೇ ಇಡುತ್ತೇವೆ, ಅರ್ಧ ನಿಮಿಷದ ಕೆಲಸ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ನೋವಿನ ಗುಳಿಗೆ ನುಂಗಿದರೆ ದಮ್ಮು ಅಥವಾ ದದ್ದು, ಗರ್ಭಿಣಿ, ಇವುಗಳಲ್ಲಿ ಯಾವುದಿದ್ದರೂ ಮೊದಲೇ ಹೇಳಿ.

ಮುಗಿದ ಮೇಲೆ ಹೊಟ್ಟೆ ನೋಯುತ್ತಿದೆ. ಗ್ಯಾಸಾ, ಅದೇನಾ?

ಒಳಗೆ ಗಾಳಿ ತುಂಬಿರುವುದರಿಂದ ಉಬ್ಬರ, ಹಿಡಿದ ಹಾಗೆ ಆಗುವುದು ಸಹಜ. ಗಾಳಿ ಹೋದರೆ ಅದು ಇಳಿಯುತ್ತದೆ. ಪ್ಯಾಂಕ್ರಿಯಾಸಿನ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಕೂತು, ಏರುತ್ತಲೇ ಹೋಗುತ್ತದೆ. ಬೆನ್ನಿಗೂ ಹೊಡೆಯಬಹುದು. ವಾಂತಿ ಜೊತೆಗಿರುತ್ತದೆ. ಮುಂದೆ ಬಾಗಿ ಕೂತರೆ ಸ್ವಲ್ಪ ಹಗುರ ಅನ್ನುತ್ತಾರೆ.

ಅನುಮಾನ ಬಂದರೆ 2ರಿಂದ 6 ತಾಸಿನೊಳಗೆ ರಕ್ತದಲ್ಲಿ ಅಮೈಲೇಸ್ ಅಥವಾ ಲೈಪೇಸ್, ಅಂದರೆ ಪ್ಯಾಂಕ್ರಿಯಾಸಿನ ರಸದ ಅಂಶಗಳು, ಎಷ್ಟಿವೆ ಅಂತ ನೋಡುತ್ತಾರೆ. ಅಮೈಲೇಸ್ ಮೇಲ್ಮಿತಿಯ ಒಂದೂವರೆ ಪಟ್ಟಿಗಿಂತ, ಲೈಪೇಸ್ ನಾಲ್ಕು ಪಟ್ಟಿಗಿಂತ ಕಡಿಮೆ ಇದ್ದರೆ ಮನೆಗೆ ಕಳಿಸಲು ಧೈರ್ಯ ಬರುತ್ತದೆ.

ಅಮೈಲೇಸ್ ಮೂರು ಪಟ್ಟು ಬಂದಿದೆ, ನೋವೇ ಇಲ್ಲ. ಗಾಬರಿ ಆಗಬೇಕಾ?

ಬೇಡ. ಬಹಳ ಜನಕ್ಕೆ ಇಆರ್‌ಸಿಪಿ ಆದ ಮೇಲೆ ಅದು ಏರುತ್ತದೆ. 1991ರಿಂದ ಬಳಕೆಯಲ್ಲಿರುವ ವ್ಯಾಖ್ಯೆ ಹೀಗಿದೆ: ಹೊಸದಾಗಿ ನೋವು ಬರಬೇಕು, 24 ತಾಸಿನ ನಂತರವೂ ಅಮೈಲೇಸ್ ಮೂರು ಪಟ್ಟು ಇರಬೇಕು, ಅದಕ್ಕಾಗಿ ಆಸ್ಪತ್ರೆಯಲ್ಲಿ ಉಳಿಯಬೇಕಾಗಬೇಕು. ಬರೀ ನಂಬರಿಗೆ ಯಾರೂ ಔಷಧಿ ಕೊಡುವುದಿಲ್ಲ.

ಸಂಜೆ ಬಸ್ಸಿಗೆ ಊರಿಗೆ ಹೋಗಬಹುದಾ?

ಇದಕ್ಕೆ ನನ್ನ ಮನೆಯದೇ ಕಥೆ ಇದೆ. ಹಲವು ವರ್ಷದ ಹಿಂದೆ ನಮ್ಮ ಕಾಕಿಗೆ ಬೇರೊಂದು ಆಸ್ಪತ್ರೆಯಲ್ಲಿ ಇಆರ್‌ಸಿಪಿ ಆಯಿತು. ಮೂವತ್ತರ ಆಸುಪಾಸಿನ ವಯಸ್ಸು, ಕಾಮಣಿ ಇಲ್ಲ, ಹರಳೂ ಸಿಗಲಿಲ್ಲ. ಮಧ್ಯಾಹ್ನ ಮುಗೀತು, "ಏನೂ ಇಲ್ಲ, ಹೋಗಬಹುದು" ಅಂದರು. ನಾಲ್ಕರ ಬಸ್ಸಿಗೆ ಶಹಾಪುರದ ಕಡೆ ಹೊರಟರು. ಕಟ್ಟಿಸಂಗಾವಿಯ ಭೀಮಾ ಸೇತುವೆ ಬರುವಷ್ಟರಲ್ಲಿ ನೋವು ಶುರು. ಗ್ಯಾಸ್ ಅಂದುಕೊಂಡು ಜೇವರ್ಗಿಯಲ್ಲಿ ಸೋಡಾ ಕುಡಿಸಿದರು, ಅದೂ ವಾಂತಿ. ರಾತ್ರಿ ಹನ್ನೊಂದಕ್ಕೆ ಅದೇ ದಾರಿಯಲ್ಲಿ ಗಾಡಿ ಮಾಡಿಕೊಂಡು ವಾಪಸ್ ಬಂದರು. ಆರು ದಿನ ಮಲಗಿದ್ದರು. ಆಮೇಲೆ ನಾನು ಫೈಲು ತೆಗೆದು ನೋಡಿದೆ. ತಂತಿ ಪ್ಯಾಂಕ್ರಿಯಾಸಿಗೆ ಮೂರು ಸಲ ಹೋಗಿದ್ದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಲೆಕ್ಕ ಹಾಕಲು ಬೇಕಾದ್ದೆಲ್ಲ ಆ ಹಾಳೆಯಲ್ಲೇ ಇತ್ತು. ಯಾರೂ ಕೂಡಿಸಿ ನೋಡಿರಲಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟು. ಕೇಸು ಸಲೀಸಾಗಿ ಆಗಿದ್ದು, ಐದಾರು ತಾಸು ನೋವಿಲ್ಲದಿದ್ದು, ಮನೆ ಊರಲ್ಲೇ ಇದ್ದರೆ ಡಾಕ್ಟರು ಕಳಿಸಬಹುದು. ಚಿಂಚೋಳಿಯ ತಾಂಡಾಕ್ಕೋ ಕೃಷ್ಣೆಯ ದಂಡೆಯ ಹಳ್ಳಿಗೋ ಹೋಗುವವರು ಒಂದು ರಾತ್ರಿ ಇಲ್ಲೇ ಇರಿ. ಬೆಡ್ ಇಲ್ಲ ಅಂದರೆ ನೆಂಟರ ಮನೆಯಲ್ಲಾದರೂ ಸರಿ.

ಬಂದೇ ಬಿಟ್ಟರೆ?

ಸಲೈನ್, ನೋವಿಗೆ ಔಷಧಿ, ನಿಗಾ. ಇದನ್ನು ತಟ್ಟನೆ ನಿಲ್ಲಿಸುವ ಇಂಜೆಕ್ಷನ್ ಇಲ್ಲ. ಎರಡು ಮೂರು ದಿನ ಉಳಿದರೆ ಸೌಮ್ಯ, 4ರಿಂದ 10 ದಿನವಾದರೆ ಮಧ್ಯಮ, ಅದಕ್ಕೂ ಮೀರಿದರೆ ತೀವ್ರ ಅಂತ ಲೆಕ್ಕ. ತೀವ್ರವಾದರೆ ಐಸಿಯು ಬೇಕಾಗಬಹುದು.

ರೊಟ್ಟಿ ಯಾವಾಗ?

ನೋವಿಲ್ಲದಿದ್ದರೆ ಕೆಲವು ತಾಸಿನ ಮೇಲೆ ಕೇಳಿಕೊಂಡು ನೀರು, ಆಮೇಲೆ ಗಂಜಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಮರುದಿನದ ಮಾತು. ಡಬ್ಬಿಯಲ್ಲಿ ಕದ್ದು ತರಬೇಡಿ, ವಾಸನೆ ಬರುತ್ತದೆ.

ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುವುದು ಒಳ್ಳೆಯದಾ?

ಊರಿನ ಹೆಸರು ನೋಡಿ ಹೋಗಬೇಡಿ. ಡಾಕ್ಟರಿಗೆ ಕೈ ಎಷ್ಟು ಪಳಗಿದೆ, ಗುಳಿಗೆ ಕೊಡುತ್ತಾರಾ, ಪ್ಯಾಂಕ್ರಿಯಾಸ್ ಸ್ಟೆಂಟ್ ಇದೆಯಾ, ರಾತ್ರಿ ನೋಡುವವರು ಇದ್ದಾರಾ, ಇವನ್ನು ಕೇಳಿ. ಕೇಳಿದರೆ ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಚಳಿಜ್ವರ, ಕಾಮಣಿ ಎರಡೂ ಇದ್ದರೆ ಊರು ಆರಿಸುತ್ತಾ ಕೂರಬೇಡಿ, ಅದು ಅವಸರದ ಕೇಸು. ಸರ್ಕಾರಿ ಆರೋಗ್ಯ ಯೋಜನೆಯ ಕಾರ್ಡಿನ ವಿಷಯ ಆಸ್ಪತ್ರೆಯಲ್ಲಿ ಅದನ್ನು ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಕೇಳಿ, ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಸ್ಟೆಂಟ್ ಹಾಕಿದ್ದಾರೆ. ಅದು ಅಲ್ಲೇ ಇರಲಿ ಬಿಡಿ, ಅಲ್ವಾ?

ಇಲ್ಲ! ಯಾವುದು ಹಾಕಿದ್ದಾರೆ ಅಂತ ಮೊದಲು ಕೇಳಿ. ಪ್ಯಾಂಕ್ರಿಯಾಸಿನ ಸಣ್ಣದು ಸಾಮಾನ್ಯವಾಗಿ ತಾನೇ ಜಾರಿ ಮಲದಲ್ಲಿ ಹೋಗುತ್ತದೆ. ಹೋಯಿತಾ ಅಂತ 5ರಿಂದ 10 ದಿನಕ್ಕೆ ಒಂದು ಎಕ್ಸ್‌ರೇ. ಹೋಗಿರದಿದ್ದರೆ ಕೊಳವೆ ಹಾಕಿ ತೆಗೆಯಬೇಕು. ಪಿತ್ತನಾಳದ ಪ್ಲಾಸ್ಟಿಕ್ ಸ್ಟೆಂಟನ್ನು ಸುಮಾರು ಮೂರು ತಿಂಗಳಲ್ಲಿ ತೆಗೆಸಬೇಕು ಅಥವಾ ಬದಲಿಸಬೇಕು.

ಹೋದ ವರ್ಷ ಅಫಜಲಪುರ ಕಡೆಯ ಒಬ್ಬ ಆಯಿ ಚಳಿಜ್ವರ ಅಂತ ಬಂದರು. ಎಕ್ಸ್‌ರೇಯಲ್ಲಿ ಸ್ಟೆಂಟ್. "ಆಯಿ, ಇದನ್ನ ಯಾವಾಗ ಹಾಕ್ಸಿದ್ರಿ?" ಅಂದೆ. "ಹರಳ ತೆಗದಾರಂತ ಗೊತ್ತದ ತಂಗಿ, ಇಟ್ಟಾರಂತ ಯಾರೂ ಹೇಳಿಲ್ಲ" ಅಂದರು. ಎರಡು ವರ್ಷ ಆಗಿತ್ತು. ಈಗ ನಾನು ಡಿಸ್ಚಾರ್ಜ್ ಹಾಳೆಯ ಮೇಲ್ಗಡೆ ಕೆಂಪು ಪೆನ್ನಿನಿಂದ, ಕನ್ನಡದಲ್ಲಿ, ತೆಗೆಸಬೇಕಾದ ತಾರೀಖು ಬರೆದು, ಜೊತೆಗೆ ಬಂದವರ ಮೊಬೈಲಿನಲ್ಲಿ ಅದೇ ದಿನಕ್ಕೆ ಅಲಾರಾಂ ಇಡಿಸಿ ಕಳಿಸುತ್ತೇನೆ.